ಸತ್ತು ಎಷ್ಟು ದಿನವಾಯಿತು ಅಂತ ಬ್ಯಾಕ್ಟೀರಿಯಾ ನೋಡಿ ಹೇಳಬಹುದಾ?

ಹೇಳಬಹುದು. ಆದರೆ ಗಂಟೆಯ ಲೆಕ್ಕದಲ್ಲಿ ಅಲ್ಲ, ದಿನದ ಲೆಕ್ಕದಲ್ಲಿ.

ಮಲ್ಪೆಯಲ್ಲಿ ಬಂಗುಡೆ ಕೊಳ್ಳುವವರನ್ನು ನೋಡಿದ್ದೀರಲ್ವಾ? ಕಿವಿರು ಎತ್ತಿ ಬಣ್ಣ ನೋಡುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ಕೆಂಪಗಿದ್ದರೆ ತಾಜಾ, ಕಂದಾಗಿ ನಾರಿದರೆ ಹಳತು. ಆ ನಾತ ಬಹುಪಾಲು ಬ್ಯಾಕ್ಟೀರಿಯಾಗಳ ಕೆಲಸ. ಹೋಲಿಕೆ ಸ್ವಲ್ಪ ಅಸಹ್ಯ, ಆದರೆ ಹೆಣದಲ್ಲೂ ಹೆಚ್ಚುಕಮ್ಮಿ ಇದೇ ಕಥೆ.

ಮೈ ತಣ್ಣಗಾಗುವುದು, ಸೆಟೆದುಕೊಳ್ಳುವುದು ಎಲ್ಲ ಮೊದಲ ಒಂದೆರಡು ದಿನಕ್ಕೆ ಮಾತ್ರ ಉಪಯೋಗ. ಆಮೇಲೆ ಕರುಳಿನಲ್ಲಿದ್ದ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಜಾಸ್ತಿಯಾಗುತ್ತವೆ. ಗ್ಯಾಸ್ ತುಂಬಿ ಹೊಟ್ಟೆ ಉಬ್ಬುತ್ತದೆ. ಅದು ಒಡೆದರೆ ಒಳಗೆ ಗಾಳಿಯಾಡುತ್ತದೆ, ಬೇರೆಯವಕ್ಕೆ ದಾರಿಯಾಗುತ್ತದೆ. ಮಣ್ಣಿನಲ್ಲಿದ್ದವು, ನೊಣಗಳು ಹೊತ್ತು ತಂದವು ಬಂದು ಸೇರುತ್ತವೆ. ಹೀಗೆ ಪಾಳಿ ಬದಲಾಗುವ ಕ್ರಮವೇ ಇಲ್ಲಿ ಗಡಿಯಾರ. ಚರ್ಮವನ್ನು ಹತ್ತಿಕಡ್ಡಿಯಲ್ಲಿ ಒರೆಸಿ, ಕೆಳಗಿನ ಮಣ್ಣನ್ನೂ ತೆಗೆದು, ಡಿಎನ್‌ಎ ಓದುತ್ತಾರೆ. ಯಾವ ಜಾತಿ ಎಷ್ಟಿದೆ ಅನ್ನುವುದನ್ನು ಕಂಪ್ಯೂಟರ್ ಲೆಕ್ಕ ಹಾಕಿ ದಿನ ಹೇಳುತ್ತದೆ.

2013ರಲ್ಲಿ ಇದನ್ನು ಇಲಿಗಳ ಮೇಲೆ ಪರೀಕ್ಷಿಸಿದ್ದರು. 2024ರಲ್ಲಿ ಅಮೆರಿಕದ ಮೂರು ಕಡೆ, ದಾನವಾಗಿ ಬಂದ 36 ಶವಗಳ ಅಧ್ಯಯನ ಪ್ರಕಟವಾಯಿತು. ಮೊದಲ ಮೂರು ವಾರದಲ್ಲಿ ಲೆಕ್ಕ ಸುಮಾರು 3 ದಿನ ಆಚೀಚೆ ಬಂತು. ಊರು, ಹವೆ ಬೇರೆಯಾದರೂ ಕೊಳೆಸುವ ಮುಖ್ಯ ಜೀವಿಗಳು ಅವೇ ಇದ್ದವು. ನನಗೆ ಅಚ್ಚರಿ ಅನ್ನಿಸಿದ್ದು ಇದೇ.

ಹಾಗಂತ ಅಲ್ಲಿನ ಲೆಕ್ಕವನ್ನು ಸುಮ್ನೆ ತಂದು ಮಂಗಳೂರಿಗೆ ಹಚ್ಚಲು ಆಗುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಗಡಿಯಾರ ಬೇಗ ಓಡುತ್ತದೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ, ಜುಲೈ ಮಳೆಯಲ್ಲಿ ಮಾದರಿ ತೆಗೆದು ಕಂಪ್ಯೂಟರ್‌ಗೆ ಬೇರೆಯಾಗಿಯೇ ಕಲಿಸಬೇಕು.