ಮಾರ್ಟಿನಿ-ಹೆನ್ರಿ ನಳಿಗೆಯ ಕೆಳಗಿನ '14' ಏನು ಹೇಳುತ್ತದೆ?

ನಿಮ್ಮ ಮಾರ್ಟಿನಿ-ಹೆನ್ರಿ ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಸೈನ್ಯದ ರೈಫಲ್. ಅದರ ಬಲಗಡೆ ಇರುವ ಕಿರೀಟ, ವಿ.ಆರ್. (ವಿಕ್ಟೋರಿಯಾ ರಾಣಿಯ ಗುರುತು), ಎನ್‌ಫೀಲ್ಡ್ (ಸರ್ಕಾರಿ ಬಂದೂಕು ಕಾರ್ಖಾನೆ), 1881, III (ಮೂರನೇ ಮಾರ್ಕ್, ಅಂದರೆ ಈ ರೈಫಲ್‌ನ ಮೂರನೇ ಆವೃತ್ತಿ) ಇವೆಲ್ಲ ನಿಮಗೆ ಅರ್ಥವಾಗಿವೆ. ಮುಂದಿನ ಮರ ಬಿಚ್ಚಿದಾಗ ನಳಿಗೆಯ ಕೆಳಗೆ 14 ಅನ್ನುವ ಅಂಕಿ, ಒಂಟಿ 'ಎಚ್', ಎರಡು ಚುಕ್ಕಿ ಸಿಕ್ಕಿವೆ. ನಳಿಗೆ ಮತ್ತು ರಿಸೀವರ್ (ನಳಿಗೆಯ ಹಿಂದೆ ಯಂತ್ರಭಾಗ ಇರುವ ಲೋಹದ ಪೆಟ್ಟಿಗೆ) ಕೂಡುವ ಕಡೆ ಉಳಿ ಜಾರಿದಂಥ ಒಂದು ಗೆರೆಯೂ ಇದೆ. ಯಾವ ಪುಸ್ತಕದಲ್ಲೂ ಇವು ಸಿಗುತ್ತಿಲ್ಲ, ಯಾವ ರೆಜಿಮೆಂಟಿನ ಗುರುತು ಅಂತ ಕೇಳಿದ್ದೀರಿ.

ರೆಜಿಮೆಂಟಿನದಲ್ಲ. ಮರದಡಿ ಮುಚ್ಚಿಹೋಗುವ ಜಾಗದಲ್ಲಿ ಸೈನ್ಯ ಯಾಕೆ ತನ್ನ ಗುರುತು ಹಾಕುತ್ತದೆ? ಸಾಲಾಗಿ ನಿಲ್ಲಿಸಿದ ರೈಫಲ್‌ಗಳನ್ನು ಎಣಿಸುವವನಿಗೆ ಅದು ಕಾಣಬೇಕಲ್ವಾ. ಅದಕ್ಕೇ ರೆಜಿಮೆಂಟಿನ ಗುರುತು, ರ‍್ಯಾಕ್ ನಂಬರು ಸಾಮಾನ್ಯವಾಗಿ ಬಟ್ ಪ್ಲೇಟಿನ, ಅಂದರೆ ಭುಜಕ್ಕೆ ತಾಗುವ ಲೋಹದ ತಟ್ಟೆಯ ಮೇಲೆ ಇರುತ್ತವೆ. ಬಚ್ಚಿಟ್ಟ ಜಾಗದ ಗುರುತುಗಳು ಕಾರ್ಖಾನೆಯವರು ತಮ್ಮತಮ್ಮಲ್ಲೇ ಬಳಸಿಕೊಂಡವು. ನಾನು ಯಾವುದೇ ಹಳೆ ರೈಫಲ್ ನೋಡಿದರೂ ಗುರುತಿನ ಆಕಾರಕ್ಕಿಂತ ಮೊದಲು ಅದು ಇರುವ ಜಾಗವನ್ನು ನೋಡುತ್ತೇನೆ.

ಇದನ್ನು ಕಲಿಯುವುದಕ್ಕೆ ನನಗೆ ತುಂಬಾ ಸಮಯ ಹಿಡಿಯಿತು. ಅಮೆರಿಕದ ಒಂದು ವಿಂಚೆಸ್ಟರ್ 1885 ರೈಫಲ್‌ನ ಟ್ಯಾಂಗ್ (ರಿಸೀವರಿನಿಂದ ಹಿಂದಕ್ಕೆ ಚಾಚಿದ ಲೋಹದ ಪಟ್ಟಿ) ಮೇಲೆ, ಮರದಡಿ, ಒಂದು ಪುಟ್ಟ ಅಂಕಿ ಇತ್ತು. ಅದನ್ನು ಹುಡುಕುತ್ತಾ ತಿಂಗಳುಗಟ್ಟಲೆ ಪುಸ್ತಕ ತಿರುವಿದೆ. ಕೊನೆಗೆ ಬಟ್ ಪ್ಲೇಟ್ ಬಿಚ್ಚಿದರೆ ಅದರ ಒಳಮೈಯಲ್ಲೂ ಅದೇ ಅಂಕಿ, ಮರದ ಕೊರೆತದಲ್ಲೂ ಅದೇ ಅಂಕಿ. ಜೋಡಣೆ ನಂಬರು ಅಷ್ಟೇ. ಆ ಮರವನ್ನು ಆ ಲೋಹಕ್ಕೇ ಅಂತ ಕೈಯಲ್ಲಿ ಕೂರಿಸಿರುತ್ತಾರೆ. ಆಮೇಲೆ ಎರಡನ್ನೂ ಬೇರೆ ಮಾಡಿ ಹೊಳಪಿಗೆ, ಬಣ್ಣಕ್ಕೆ ಬೇರೆಬೇರೆ ಕಡೆ ಕಳಿಸುತ್ತಾರೆ. ವಾಪಸ್ ಬಂದಾಗ ಜೋಡಿ ತಪ್ಪಬಾರದು.

ಆದರೆ ಎನ್‌ಫೀಲ್ಡಿನ ಕಥೆ ಸ್ವಲ್ಪ ಬೇರೆ. ಅಲ್ಲಿ 1850ರ ದಶಕದಲ್ಲೇ ಅಮೆರಿಕದಿಂದ ಯಂತ್ರಗಳನ್ನು ತರಿಸಿ, ಒಂದರ ಭಾಗ ಇನ್ನೊಂದಕ್ಕೆ ಕೂರುವಂತೆ ರೈಫಲ್ ಮಾಡತೊಡಗಿದ್ದರು. ಹಾಗಾಗಿ ನಿಮ್ಮ 14 ಜೋಡಣೆ ನಂಬರೇ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ರಿಸೀವರಿನ ಕೆಳಗೂ 14 ಇದೆಯಾ ನೋಡಿ. ಇದ್ದರೆ ಆ ಎರಡು ಭಾಗಗಳು ಒಟ್ಟಿಗೆ ಓಡಾಡಿದವು ಅಂತ ಅರ್ಥ. ನಳಿಗೆಯ ಮೇಲೆ ಮಾತ್ರ ಇದ್ದರೆ ಅದು ನಳಿಗೆ ಮಾಡಿದ ಕಡೆಯದೇ ಲೆಕ್ಕ. 'ಎಚ್' ಮತ್ತು ಚುಕ್ಕಿಗಳನ್ನೂ ನಾನು ಹೀಗೇ ಓದುತ್ತೇನೆ: ಒಬ್ಬ ಕೆಲಸಗಾರ ತನ್ನ ಕೆಲಸ ಮುಗಿಸಿ ಒತ್ತಿದ ಅಚ್ಚು. ಇಂಥ ಕಾರ್ಖಾನೆಗಳಲ್ಲಿ ಎಷ್ಟೋ ಜನಕ್ಕೆ ಮಾಡಿದ ತುಂಡಿನ ಲೆಕ್ಕದಲ್ಲಿ ಕೂಲಿ. ತುಂಡು ಕೆಟ್ಟರೆ ಯಾರದ್ದು ಅಂತಲೂ ಗೊತ್ತಾಗಬೇಕು.

ಆ ಗೆರೆ ಮಾತ್ರ ಉಳಿ ಜಾರಿದ್ದಲ್ಲ. ನಿಮ್ಮ ಫೋಟೋದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ನಳಿಗೆಯನ್ನು ರಿಸೀವರಿಗೆ ಸ್ಕ್ರೂ ತಿರುಗಿಸಿದಂತೆ ತಿರುಗಿಸಿ ಕೂರಿಸುತ್ತಾರೆ. ಗುರಿಕಣ್ಣು ನೇರ ಮೇಲಕ್ಕೆ ಬಂದು ನಿಂತಾಗ ಎರಡರ ಮೇಲೂ ಹಾಯುವಂತೆ ಒಂದೇ ಏಟಿಗೆ ಗೆರೆ ಹೊಡೆಯುತ್ತಾರೆ. ನಿಮ್ಮದರಲ್ಲಿ ಎರಡು ಅರ್ಧವೂ ಕೂದಲೆಳೆಯಷ್ಟೂ ಸರಿಯದೆ ಕೂಡಿವೆ. ಆ ನಳಿಗೆ ಅಲ್ಲಿಂದ ಕದಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಗೆರೆ ಮುರಿದಿದ್ದರೆ, ಅಥವಾ ಎರಡು ಗೆರೆ ಇದ್ದಿದ್ದರೆ, ನಳಿಗೆ ಬದಲಾಗಿದೆಯಾ ಅಂತ ಅನುಮಾನ ಪಡಬೇಕಿತ್ತು.

ಒಂದು ಭೂತಗನ್ನಡಿ ಹಿಡಿದು ಗುರುತುಗಳ ಅಂಚು ನೋಡಿ. ಹೊಳಪು ಕೊಡುವ ಮೊದಲೇ ಹೊಡೆದ ಅಚ್ಚಿನ ಅಂಚು ಸವೆದು ಮೆತ್ತಗಿರುತ್ತದೆ. ಆಮೇಲೆ ಹೊಡೆದದ್ದರ ಸುತ್ತ ಲೋಹ ಸಣ್ಣಗೆ ಉಬ್ಬಿರುತ್ತದೆ, ಬೆರಳಿಗೆ ಚುಚ್ಚುತ್ತದೆ. ಯಾವುದು ಕಾರ್ಖಾನೆಯದು, ಯಾವುದು ನಂತರದ ರಿಪೇರಿಯದು ಅನ್ನುವುದು ಎಷ್ಟೋ ಸಲ ಇದರಲ್ಲೇ ತಿಳಿದುಬಿಡುತ್ತದೆ.

ಕಿರೀಟದ ಕೆಳಗೆ ಅಂಕಿ, ಅದರ ಕೆಳಗೆ 'ಇ' ಅಕ್ಷರ ಇದ್ದರೆ ಅದು ಎನ್‌ಫೀಲ್ಡಿನ ತಪಾಸಣೆಯವರ ಮುದ್ರೆ. 'ಬಿ' ಇದ್ದರೆ ಬರ್ಮಿಂಗ್‌ಹ್ಯಾಮಿನದು. ಕಾಗೆಕಾಲಿನಂಥ ಬಾಣ ಸರ್ಕಾರದ ಆಸ್ತಿಯ ಗುರುತು. ಎರಡು ಬಾಣ ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ ಸೇವೆಯಿಂದ ತೆಗೆದು ಮಾರಿದ್ದಾರೆ ಅಂತ. 'ಡಿ.ಪಿ.' ಕಂಡರೆ ಅದು ಬರೀ ಕವಾಯತಿಗೆ ಇಟ್ಟದ್ದು, ಗುಂಡು ಹಾರಿಸುವುದಕ್ಕಲ್ಲ.

ವರ್ಷಗಳ ವಿಷಯದಲ್ಲಿ ಹುಷಾರು. ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್ ಎಂಬ ಅಮೆರಿಕದ ರೈಫಲ್ ಮೇಲಿನ 1873 ಮಾದರಿಯ ಹೆಸರು. ರೆಮಿಂಗ್ಟನ್ ರೋಲಿಂಗ್ ಬ್ಲಾಕ್ ಮೇಲಿನ 1864, 1866 ಪೇಟೆಂಟಿನ ತಾರೀಖುಗಳು. ಇವನ್ನು ತಯಾರಾದ ವರ್ಷ ಅಂದುಕೊಂಡು ಮೋಸ ಹೋದವರು ಬಹಳ ಜನ. ನಿಮ್ಮ 1881 ನಿಜಕ್ಕೂ ತಯಾರಾದ ವರ್ಷವೇ, ಮೂರನೇ ಮಾರ್ಕ್ 1879ರಲ್ಲಿ ಬಂದದ್ದಕ್ಕೂ ಅದು ಹೊಂದುತ್ತದೆ. ಇದೇ ಜಾತಿಯ ರೈಫಲ್ ಮೇಲೆ ವಿ.ಆರ್. ಜೊತೆ 1905 ಅಂತ ಕಂಡರೆ ಮಾತ್ರ ದೂರ ಇರಿ. ವಿಕ್ಟೋರಿಯಾ ರಾಣಿ ತೀರಿಹೋದದ್ದು 1901ರಲ್ಲಿ. ಖೈಬರ್ ಕಣಿವೆಯ ಕಡೆ ಕೈಯಲ್ಲಿ ಮಾಡಿದ ನಕಲುಗಳಲ್ಲಿ ಇಂಥ ತಪ್ಪು ತಾರೀಖು, ತಿರುಗುಮುರುಗಾದ 'ಎನ್' ಅಕ್ಷರ ಸಿಗುತ್ತವೆ.

ದಯವಿಟ್ಟು ಗುರುತು ಓದಲಿಕ್ಕೆ ಅಂತ ಉಕ್ಕಿನ ಬ್ರಷ್, ಮರಳು ಕಾಗದ ಮುಟ್ಟಿಸಬೇಡಿ. ಒಂದು ಸಲ ಉಜ್ಜಿ ಹೋದ ಅಂಚು ಮತ್ತೆ ಬರುವುದಿಲ್ಲ. ಒಂದು ಹನಿ ಎಣ್ಣೆ, ಹತ್ತಿ ಬಟ್ಟೆ ಸಾಕು. ಕೋಣೆ ಕತ್ತಲು ಮಾಡಿ ಟಾರ್ಚನ್ನು ಲೋಹಕ್ಕೆ ಮಲಗಿಸಿ ಹಿಡಿಯಿರಿ, ಅಕ್ಷರ ತಾನೇ ಎದ್ದು ಕಾಣುತ್ತದೆ. ಇದೆಲ್ಲಕ್ಕೂ ಮೊದಲು ಲಿವರ್ ಇಳಿಸಿ, ಒಳಗೆ ತೋಟಾ ಇಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ.

ರಿಸೀವರಿನ ಕೆಳಭಾಗದ ಫೋಟೋ ತೆಗೆದು ಹಾಕಿ. ಅಲ್ಲೂ 14 ಇದೆಯಾ ಅಂತ ನನಗೂ ನೋಡಬೇಕು.