ಓದುಗರ ಪ್ರಶ್ನೆ: ದಶಮಾಂಶ, ಹಿಡಿ ಅಕ್ಕಿ, ರಸೀದಿ

ಪ್ರಶ್ನೆ: ಕೈಗೆ ಬರುವ ಸಂಬಳ 28,000 ರೂಪಾಯಿ. ಅದರಲ್ಲಿ 13,000 ಸಾಲದ ಕಂತಿಗೇ ಹೋಗುತ್ತದೆ. ದಶಮಾಂಶ, ಅಂದರೆ ಆದಾಯದ ಹತ್ತನೇ ಪಾಲು ಕೊಡದವರು ದೇವರ ಹಣ ಕದ್ದಂತೆ, ಕೊಟ್ಟರೆ ನೂರ್ಮಡಿ ಬರುತ್ತದೆ ಎಂದು ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಬೋಧಿಸುತ್ತಾರೆ. ಕೈಸಾಲ ಮಾಡಿಯಾದರೂ ಕೊಡಬೇಕೇ? – ಶಿಕ್ಷಕಿ, ಗದಗ

ಉತ್ತರ: ಬೇಡ. ಬೈಬಲಿನ ಮಲಾಕಿಯ ಪುಸ್ತಕದ 3ನೇ ಅಧ್ಯಾಯದ ಆ ಮಾತು ದೇವಾಲಯದ ಉಗ್ರಾಣಕ್ಕೆ ಧಾನ್ಯ ತರುವುದನ್ನು ಬಿಟ್ಟವರಿಗೆ ಹೇಳಿದ್ದು. ಜಮೀನಿನ ಪಾಲಿಲ್ಲದ, ದೇವಾಲಯದ ಸೇವೆ ಮಾಡುತ್ತಿದ್ದ ಲೇವಿ ಕುಲದವರು (ಲೇವಿಯರು) ಆ ಧಾನ್ಯವನ್ನೇ ನಂಬಿದ್ದರು; ಅದು ನಿಂತಾಗ ಅವರು ಸೇವೆ ಬಿಟ್ಟು ಹೊಲಗಳಿಗೆ ಹೋದರೆಂದು ನೆಹೆಮೀಯ 13:10ರಲ್ಲಿದೆ. ಧರ್ಮೋಪದೇಶಕಾಂಡ 14ರ ಪ್ರಕಾರ ಮೂರು ವರ್ಷಕ್ಕೊಮ್ಮೆ ಹತ್ತನೇ ಪಾಲು ಊರಲ್ಲೇ ಉಳಿದು ಲೇವಿಯರ ಜೊತೆಗೆ ಪರದೇಶಿಗಳು, ಅನಾಥರು, ವಿಧವೆಯರ ಊಟವಾಗುತ್ತಿತ್ತು. ಹಸಿದವರ ಪಾಲಿನ ಈ ವಚನವನ್ನು ಚೀಟಿ ವ್ಯವಹಾರದ ಹಾಗೆ ಬೋಧಿಸುವುದು ತಪ್ಪು. ಇದ್ದುದರಲ್ಲಿ ಕೊಟ್ಟದ್ದು ಮೆಚ್ಚಿಗೆಯಾಗುತ್ತದೆ, ಇಲ್ಲದ್ದನ್ನು ಕೊಡಬೇಕೆಂದಿಲ್ಲ ಎಂಬ ಅರ್ಥದ ಮಾತು 2 ಕೊರಿಂಥ 8:12ರಲ್ಲಿದೆ. ಇನ್ನು ನೂರ್ಮಡಿ ಫಲದ ವಿಚಾರ: ಗಲಾತ್ಯ 5ರಲ್ಲಿ ಆತ್ಮದ ಫಲವೆಂದು ಒಂಬತ್ತು ಗುಣಗಳಿವೆ, ಹಣದ ಹೆಸರಿಲ್ಲ.

ನೀವು ಶೇ. 3ರಿಂದ, ಅಂದರೆ 840 ರೂಪಾಯಿಯಿಂದ ಶುರುಮಾಡಿ. ಸಂಬಳ ಬಂದ ದಿನವೇ ಬೇರೆ ಲಕೋಟೆಗೆ ಹಾಕಿಡಿ. ತಿಂಗಳ ಕೊನೆಗೆ ಉಳಿದದ್ದು ಕೊಡುತ್ತೇನೆ ಎಂದರೆ ಏನೂ ಉಳಿಯುವುದಿಲ್ಲ. 500 ಸಭೆಗೆ, 340 ನೆರೆಹೊರೆಯ ಕಷ್ಟಕ್ಕೆ. ಮೊದಲು ಹೆಚ್ಚು ಬಡ್ಡಿಯ ಸಾಲ ತೀರಿಸಿ, ಒಂದೊಂದು ಸಾಲ ತೀರಿದಂತೆ ಕಾಣಿಕೆಯನ್ನು ಶೇ. 1 ಏರಿಸಿ. ಮೊತ್ತವನ್ನು ಯಜಮಾನರ ಜೊತೆ ಕೂತು ನಿರ್ಧರಿಸಿ. ಗುಟ್ಟಾಗಿ ಕೊಟ್ಟ ಕಾಣಿಕೆ ಎಷ್ಟೋ ಮನೆಗಳಲ್ಲಿ ಜಗಳಕ್ಕೆ ಕಾರಣವಾಗುತ್ತದೆ.

ಪ್ರಶ್ನೆ: ಮಿಜೋರಾಂ ಕ್ರೈಸ್ತರಂತೆ ನಮ್ಮ ಮಹಿಳಾ ಸಂಘವೂ ಹಿಡಿ ಅಕ್ಕಿ ಎತ್ತಿಡಲು ಆರಂಭಿಸಿತು. ಎರಡನೇ ತಿಂಗಳಿಗೇ ಹುಳ ಬಿತ್ತು, ಕೆಲವರು ಬಿಟ್ಟೇಬಿಟ್ಟರು. ಹೇಗೆ ನಡೆಸುವುದು? – ಸಂಘದ ಕಾರ್ಯದರ್ಶಿ, ಉಡುಪಿ

ಉತ್ತರ: ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಮಹಿಳೆಯರು 1910ರಲ್ಲಿ ಆರಂಭಿಸಿದ ಪದ್ಧತಿ ಅದು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಆ ಅಳತೆಯಿಂದಲೇ ಒಂದು ಹಿಡಿ ಎತ್ತಿಡುತ್ತಾರೆ. ಮನೆಯವರ ತಟ್ಟೆಯಿಂದ ಹೋಗುವ ಪಾಲು ಅದು. ಇದೇ ಅದರ ಜೀವಾಳ. ಚೀಲದಲ್ಲಿ ಮಿಕ್ಕ ಹಳೆ ಅಕ್ಕಿ ಸುರಿಯುವುದಕ್ಕೆ ಹಿಡಿ ಅಕ್ಕಿ ಎನ್ನುವುದಿಲ್ಲ.

ಹಿಡಿಗೆ 40 ಗ್ರಾಂ ಎಂದುಕೊಂಡರೆ, ದಿನಕ್ಕೆರಡು ಸಲದಂತೆ ಮನೆಗೆ ತಿಂಗಳಿಗೆ 2.4 ಕಿಲೋ. 25 ಮನೆಯಿಂದ 60 ಕಿಲೋ, ಆರು ಕುಟುಂಬಕ್ಕೆ ತಲಾ 10 ಕಿಲೋ.

ಹುಳ ಬೀಳುವುದು ಹೆಚ್ಚಾಗಿ ತೇವದಿಂದ ಮತ್ತು ತಡದಿಂದ. ಒದ್ದೆ ಕೈ ಹಾಕಬೇಡಿ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ನಾಲ್ಕೈದು ಒಣಮೆಣಸು ಅಥವಾ ಒಣಗಿದ ಬೇವಿನ ಎಲೆ. ಮಳೆಗಾಲದಲ್ಲಿ ತಿಂಗಳು ಕಾಯದೆ ಎರಡು ವಾರಕ್ಕೊಮ್ಮೆ ಸಂಗ್ರಹಿಸಿ ಹಂಚಿ. ಕುಚ್ಚಲಕ್ಕಿಯನ್ನೂ ಬೆಳ್ತಿಗೆಯನ್ನೂ ಬೆರೆಸಬೇಡಿ: ಒಂದು ಬೇಯುವಷ್ಟರಲ್ಲಿ ಇನ್ನೊಂದು ಗಂಜಿಯಾಗಿರುತ್ತದೆ, ಪಡೆದವರು ಬಿಸಾಡುತ್ತಾರೆ. ತಂದವರ ಅಕ್ಕಿಯನ್ನು ಎಲ್ಲರೆದುರು ತೂಗಿ ಹೆಸರು ಓದುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಕಡಿಮೆ ತಂದವರು ಮುಂದಿನ ಸಲ ಬರುವುದಿಲ್ಲ, ಬಹುಶಃ ನಿಮ್ಮಲ್ಲೂ ಹಾಗೇ ಆಗಿದೆ. ಕೊಡುವಾಗ ಇಬ್ಬರೇ ಮನೆಗೆ ಹೋಗಿ. ವಾಟ್ಸಾಪ್‌ಗೆ ಫೋಟೋ ಬೇಡ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯ 6:3 ಹೇಳುವಾಗ ಮೊಬೈಲಿಗೇಕೆ ತಿಳಿಯಬೇಕು?

ಪ್ರಶ್ನೆ: ಸಭೆಗೆ ಕೊಟ್ಟ ದಶಮಾಂಶದ ರಸೀದಿಗೆ ತೆರಿಗೆ ವಿನಾಯಿತಿ ಇದೆಯೇ? – ಓದುಗರು, ಬೆಂಗಳೂರು

ಉತ್ತರ: ಸಾಮಾನ್ಯವಾಗಿ ಇಲ್ಲ. ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ದತ್ತಿ ಕೆಲಸಕ್ಕೆ, ಒಂದೇ ಧರ್ಮದವರ ಆರಾಧನೆಗಲ್ಲ. ಮಾನ್ಯತೆ ಪಡೆದ ಆಸ್ಪತ್ರೆ ಅಥವಾ ಅನಾಥಾಲಯದ ಟ್ರಸ್ಟಿಗೆ ಕೊಟ್ಟರೆ ಸಿಗಬಹುದು. ಅಲ್ಲೂ 2,000 ರೂಪಾಯಿ ಮೀರಿದ ನಗದಿಗೆ, ಅಕ್ಕಿ ಬಟ್ಟೆಯಂಥ ವಸ್ತುಗಳಿಗೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡಿದ್ದರೆ ಈ ವಿನಾಯಿತಿಯೇ ಇಲ್ಲ.