ಓದುಗರ ಪ್ರಶ್ನೆ: ಫೈಲ್ ಇದ್ದಲ್ಲೇ ಇದೆ, ಪಿಎಚ್‌ಪಿಗೆ ಮಾತ್ರ ಸಿಗುತ್ತಿಲ್ಲ

ಪ್ರಶ್ನೆ: ನಮ್ಮೂರಿನ ಯಕ್ಷಗಾನ ಮೇಳಕ್ಕೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್‌ಸೈಟ್ ಮಾಡುತ್ತಿದ್ದೇನೆ. 'ಭಾಗಗಳು' ಎಂಬ ಫೋಲ್ಡರಿನಲ್ಲಿ ಹೆಡರ್ ಫೈಲ್ ಮತ್ತು ಮೆನು ಫೈಲ್ ಇವೆ. ಪುಟಗಳು ಹೆಡರನ್ನು ಇನ್‌ಕ್ಲೂಡ್ ಮಾಡುತ್ತವೆ (ಅಂದರೆ ಆ ಫೈಲನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತವೆ), ಹೆಡರ್ ಮೆನುವನ್ನು ಇನ್‌ಕ್ಲೂಡ್ ಮಾಡುತ್ತದೆ. ಮುಖಪುಟ ಚೆನ್ನಾಗಿ ಬರುತ್ತದೆ. 'ತಿರುಗಾಟ' ಫೋಲ್ಡರಿನೊಳಗಿನ 'ಇಂದಿನ ಆಟ' ಪುಟದಲ್ಲಿ ಮಾತ್ರ ಮೆನು ಇಲ್ಲ, ವಾರ್ನಿಂಗ್ ಬರುತ್ತದೆ. ಹೆಡರ್ ಫೈಲಿನಲ್ಲಿ ಮೆನುವಿನ ವಿಳಾಸದ ಮೊದಲು ಎರಡು ಚುಕ್ಕಿ (ಒಂದು ಫೋಲ್ಡರ್ ಮೇಲಕ್ಕೆ ಎಂದು ಅರ್ಥ) ಸೇರಿಸಿದರೆ ಆ ಪುಟ ಸರಿಯಾಗುತ್ತದೆ, ಮುಖಪುಟ ಕೆಡುತ್ತದೆ. ಏನು ಮಾಡಲಿ?
- ಬ್ರಹ್ಮಾವರದ ಓದುಗರು

ಉತ್ತರ: ಮೊದಲು ನೀವು ಕಳಿಸಿದ ವಾರ್ನಿಂಗನ್ನು ನಿಧಾನವಾಗಿ ಓದೋಣ. ತುಂಬಾ ಜನ ಇದನ್ನು ಓದುವುದೇ ಇಲ್ಲ, ಕಂಡ ಕೂಡಲೇ ಚುಕ್ಕಿ ಸೇರಿಸಲು ಹೊರಡುತ್ತಾರೆ. (ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಲಿ.)

ವಾರ್ನಿಂಗ್: ಇನ್‌ಕ್ಲೂಡ್(ಭಾಗಗಳು/ಮೆನು.ಪಿಎಚ್‌ಪಿ): ಫೇಲ್ಡ್ ಟು ಓಪನ್ ಸ್ಟ್ರೀಮ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ ಇನ್ /ಹೋಮ್/ಮೇಳ/ಪಬ್ಲಿಕ್_ಎಚ್‌ಟಿಎಮ್‌ಎಲ್/ಭಾಗಗಳು/ಹೆಡರ್.ಪಿಎಚ್‌ಪಿ ಆನ್ ಲೈನ್ 4

ಇದರಲ್ಲಿ ಎರಡು ಪಾತ್ (ಫೈಲ್ ಎಲ್ಲಿದೆ ಎಂಬ ವಿಳಾಸ) ಇವೆ. ಕಂಸದೊಳಗೆ ಇರುವುದು ಪಿಎಚ್‌ಪಿ ಹುಡುಕಿದ ಫೈಲ್. 'ಇನ್' ಆದ ಮೇಲೆ ಇರುವುದು ಆ ಇನ್‌ಕ್ಲೂಡ್ ಸಾಲು ಬರೆದಿರುವ ಫೈಲ್. ಎಡವಟ್ಟು ಹೆಡರ್ ಫೈಲಿನ 4ನೇ ಸಾಲಿನಲ್ಲಿದೆ. ಈ ವಾರ್ನಿಂಗ್ ಹೋಗಲು 'ಇಂದಿನ ಆಟ' ಪುಟದ ಕೋಡನ್ನು ಮುಟ್ಟಬೇಕಾಗಿಲ್ಲ.

ಕಂಸದೊಳಗಿನ ಪಾತ್ ಯಾವ ಜಾಗದಿಂದ ಶುರುವಾಗುತ್ತದೆ ಎಂದು ಅದರಲ್ಲಿ ಬರೆದಿಲ್ಲ. 'ಎಡಕ್ಕೆ ತಿರುಗಿ ಮೂರನೇ ಕಟ್ಟಡ' ಎಂದರೆ ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತವರಿಗೆ ಒಂದು, ಜ್ಯೋತಿ ಸರ್ಕಲ್ಲಿನಲ್ಲಿ ನಿಂತವರಿಗೆ ಇನ್ನೊಂದು ಅಲ್ವಾ? ಇಲ್ಲೂ ಹಾಗೆಯೇ. ಸಾಮಾನ್ಯವಾಗಿ ಪಿಎಚ್‌ಪಿ ಮೊದಲು ನೋಡುವುದು ಬ್ರೌಸರ್ ಕೇಳಿದ ಪುಟ ಇರುವ ಫೋಲ್ಡರಿನಿಂದ. ಮುಖಪುಟ ತೆರೆದಾಗ ಅದು ಸೈಟಿನ ಮೇಲಿನ ಫೋಲ್ಡರ್. ಅಲ್ಲಿಂದ 'ಭಾಗಗಳು/ಮೆನು' ಸಿಗುತ್ತದೆ. 'ಇಂದಿನ ಆಟ' ತೆರೆದಾಗ ಅದು 'ತಿರುಗಾಟ' ಫೋಲ್ಡರ್. ಅದರೊಳಗೆ 'ಭಾಗಗಳು' ಎಂಬುದೇ ಇಲ್ಲ. ಆಮೇಲೆ ಹೆಡರ್ ಫೈಲ್ ಇರುವ ಫೋಲ್ಡರಿನಿಂದಲೂ ಒಮ್ಮೆ ಹುಡುಕುತ್ತದೆ. ಅಲ್ಲಿಂದ ಅದು 'ಭಾಗಗಳು/ಭಾಗಗಳು/ಮೆನು' ಆಗುತ್ತದೆ, ಅದೂ ಇಲ್ಲ.

ಎರಡು ಚುಕ್ಕಿ ಹಾಕಿದರೆ ಈ ಎರಡನೇ ಹುಡುಕಾಟವೂ ನಡೆಯುವುದಿಲ್ಲ. ಒಂದು ಅಥವಾ ಎರಡು ಚುಕ್ಕಿ ಮತ್ತು ಸ್ಲ್ಯಾಶಿನಿಂದ ಶುರುವಾಗುವ ಪಾತನ್ನು ಪಿಎಚ್‌ಪಿ ಆಗ ಕೆಲಸ ಮಾಡುತ್ತಿರುವ ಫೋಲ್ಡರಿನಿಂದ ಮಾತ್ರ ನೋಡುತ್ತದೆ. ಅದಕ್ಕೇ ಒಂದು ಪುಟ ಸರಿಯಾದರೆ ಇನ್ನೊಂದು ಕೆಡುತ್ತಿದೆ. ಚುಕ್ಕಿ ಎಷ್ಟು ಬದಲಿಸಿದರೂ ಎರಡೂ ಒಟ್ಟಿಗೆ ಸರಿಯಾಗುವುದಿಲ್ಲ.

ಹೆಡರ್ ಫೈಲಿನ 4ನೇ ಸಾಲನ್ನು ಹೀಗೆ ಬರೆಯಿರಿ:

ರಿಕ್ವೈರ್ __ಡಿಐಆರ್__ . '/ಮೆನು.ಪಿಎಚ್‌ಪಿ';

ಡಿಐಆರ್‌ನ ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಇರಬೇಕು. 'ಈ ಸಾಲು ಯಾವ ಫೈಲಿನಲ್ಲಿದೆಯೋ ಆ ಫೈಲ್ ಇರುವ ಫೋಲ್ಡರ್' ಎಂದು ಅದರ ಅರ್ಥ. ಹೆಡರನ್ನು ಯಾವ ಪುಟ ಕರೆದರೂ ಅದು ಬದಲಾಗುವುದಿಲ್ಲ. ಇದು ಪಿಎಚ್‌ಪಿ 5.3ರಿಂದಲೂ ಇದೆ. ಇಷ್ಟು ವರ್ಷ ಆದ ಮೇಲೂ ಹೊಸಬರ ಪಾಠಗಳಲ್ಲಿ ಬರಿಯ ಚುಕ್ಕಿಗಳನ್ನೇ ಕಲಿಸುವುದು ನನಗೆ ಸರಿ ಕಾಣುವುದಿಲ್ಲ. 'ಇಂದಿನ ಆಟ' ಪುಟ ಹೆಡರನ್ನು ಕರೆಯುವ ಸಾಲಿಗೂ ಇದನ್ನೇ ಹಾಕಿ: __ಡಿಐಆರ್__ . '/../ಭಾಗಗಳು/ಹೆಡರ್.ಪಿಎಚ್‌ಪಿ'.

ಆ ಮೊದಲ ಸ್ಲ್ಯಾಶ್ ಮರೆಯಬೇಡಿ. ಫೋಲ್ಡರಿನ ಹೆಸರು ಸ್ಲ್ಯಾಶ್ ಇಲ್ಲದೆ ಮುಗಿಯುತ್ತದೆ. ಮರೆತರೆ ಎರರಿನಲ್ಲಿ 'ಭಾಗಗಳುಮೆನು.ಪಿಎಚ್‌ಪಿ' ಎಂದು ಎರಡು ಹೆಸರು ಅಂಟಿಕೊಂಡು ಕಾಣುತ್ತವೆ.

ಇನ್‌ಕ್ಲೂಡ್ ಬದಲು ರಿಕ್ವೈರ್ ಬರೆದದ್ದಕ್ಕೂ ಕಾರಣ ಇದೆ. ಫೈಲ್ ಸಿಗದಿದ್ದರೆ ಇನ್‌ಕ್ಲೂಡ್ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ, ರಿಕ್ವೈರ್ ಅಲ್ಲೇ ನಿಲ್ಲುತ್ತದೆ. ಡೇಟಾಬೇಸ್ ಸೆಟ್ಟಿಂಗ್ ಇರುವ ಫೈಲಿಗಂತೂ ರಿಕ್ವೈರ್ ಬೇಕೇ ಬೇಕು. ಅದಿಲ್ಲದೆ ಪುಟ ಅರ್ಧಂಬರ್ಧ ಓಡಿದರೆ ಮುಂದೆ ಬರುವ ಎರರ್‌ಗಳಲ್ಲಿ ಮೂಲ ಯಾವುದು ಎಂದೇ ತಿಳಿಯುವುದಿಲ್ಲ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟ್ ನನ್ನ ವಿಂಡೋಸ್ ಲ್ಯಾಪ್‌ಟಾಪಿನ ಎಕ್ಸ್‌ಎಎಮ್‌ಪಿಪಿಯಲ್ಲಿ (ಲ್ಯಾಪ್‌ಟಾಪನ್ನೇ ಸರ್ವರ್ ಮಾಡುವ ಸಾಫ್ಟ್‌ವೇರ್) ಸರಿಯಾಗಿ ಓಡುತ್ತದೆ. ಹೋಸ್ಟಿಂಗಿಗೆ ಹಾಕಿದರೆ ಬಿಳಿ ಪುಟ ಬಿಟ್ಟು ಏನೂ ಇಲ್ಲ. ಮುಂದಿನ ವಾರ ವೈವಾ ಇದೆ, ದಯವಿಟ್ಟು ಬೇಗ ಹೇಳಿ.
- ಮಂಗಳೂರಿನ ಬಿಜೈಯಿಂದ ವಿದ್ಯಾರ್ಥಿನಿ

ಉತ್ತರ: ಬಿಳಿ ಪುಟ ಎಂದರೆ ಎರರನ್ನು ಪರದೆಗೆ ತೋರಿಸದಂತೆ ಸೆಟ್ ಮಾಡಿರುತ್ತಾರೆ. ಲೈವ್ ಸೈಟಿನಲ್ಲಿ ಅದು ಹಾಗೇ ಇರಲಿ. ಹೋಸ್ಟಿಂಗಿನ ಕಂಟ್ರೋಲ್ ಪ್ಯಾನೆಲಿನಲ್ಲಿ ಎರರ್ ಲಾಗ್ ತೆರೆದು ಕೊನೆಯ ಸಾಲು ನೋಡಿ.

'ನೋ ಸಚ್ ಫೈಲ್' ಎಂದಿದ್ದರೆ ಹೆಚ್ಚಾಗಿ ಅಕ್ಷರದ ತೊಂದರೆ. ವಿಂಡೋಸಿಗೆ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಸಾಮಾನ್ಯವಾಗಿ ಒಂದೇ. ಲಿನಕ್ಸ್ ಸರ್ವರಿಗೆ ದೊಡ್ಡ 'ಎಮ್' ಹಾಕಿದ ಮೆನು ಬೇರೆ, ಚಿಕ್ಕ 'ಎಮ್' ಹಾಕಿದ ಮೆನು ಬೇರೆ. ಎಲ್ಲ ಫೈಲ್, ಫೋಲ್ಡರ್ ಹೆಸರುಗಳನ್ನು ಚಿಕ್ಕಕ್ಷರಕ್ಕೆ ತನ್ನಿ. ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಬಳಸುತ್ತಿದ್ದರೆ ಹೆಸರು ಬದಲಿಸಲು 'ಗಿಟ್ ಎಮ್‌ವಿ' ಕಮಾಂಡನ್ನೇ ಕೊಡಿ. ವಿಂಡೋಸಿನಲ್ಲಿ ಸುಮ್ನೆ ರೀನೇಮ್ ಮಾಡಿದರೆ ಬರಿಯ ಅಕ್ಷರದ ಗಾತ್ರ ಬದಲಾದದ್ದು ಗಿಟ್‌ನ ಗಮನಕ್ಕೆ ಬಾರದೆ ಹೋಗಬಹುದು. ಆಗ ಸರ್ವರಿಗೆ ಹಳೇ ಹೆಸರೇ ಹೋಗುತ್ತದೆ. ಪಾತ್‌ನಲ್ಲಿ ಎಲ್ಲಾದರೂ ಬ್ಯಾಕ್‌ಸ್ಲ್ಯಾಶ್ ಇದ್ದರೆ ಅದನ್ನೂ ಸ್ಲ್ಯಾಶ್ ಮಾಡಿ, ವಿಂಡೋಸಿನಲ್ಲೂ ಅದು ನಡೆಯುತ್ತದೆ.

ಇನ್‌ಕ್ಲೂಡ್ ಪಾತ್ ಸ್ಲ್ಯಾಶಿನಿಂದಲೇ ಶುರುವಾಗುತ್ತಿದೆಯೇ ಎಂದೂ ನೋಡಿ. ಲಿಂಕ್ ಅಥವಾ ಚಿತ್ರದ ವಿಳಾಸದಲ್ಲಿ ಬ್ರೌಸರಿಗೆ ಆ ಸ್ಲ್ಯಾಶ್ ಎಂದರೆ ನಿಮ್ಮ ಸೈಟಿನ ಬುಡ. ಪಿಎಚ್‌ಪಿಗೆ ಅದು ಇಡೀ ಸರ್ವರಿನ ಬುಡ.

ಲಾಗಿನಲ್ಲಿ 'ಪರ್ಮಿಷನ್ ಡಿನೈಡ್' ಇದ್ದರೆ ಪಾತ್ ಸರಿಯಾಗಿದೆ, ಓದಲು ಅನುಮತಿ ಇಲ್ಲ ಅಷ್ಟೇ. ಅನುಮತಿಯ ಸಂಖ್ಯೆ ಫೋಲ್ಡರಿಗೆ 755, ಫೈಲಿಗೆ 644 ಸಾಮಾನ್ಯವಾಗಿ ಸಾಕು. ಯಾರೇ ಹೇಳಿದರೂ 777 ಕೊಡಬೇಡಿ. ಆ ಸರ್ವರಿನಲ್ಲಿ ಯಾರು ಬೇಕಾದರೂ ನಿಮ್ಮ ಫೈಲ್ ತಿದ್ದುವ ಹಾಗೆ ಆಗುತ್ತದೆ.

ಪ್ರಶ್ನೆ: ಅಂಗಡಿಯ ದಿನದ ಲೆಕ್ಕ ಮೇಲ್ ಮಾಡುವ ಸ್ಕ್ರಿಪ್ಟ್ ಬ್ರೌಸರಿನಲ್ಲಿ ಸರಿ, ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಸ್ಕ್ರಿಪ್ಟನ್ನು ತಾನೇ ಓಡಿಸುವ ವ್ಯವಸ್ಥೆ) ಹಾಕಿದರೆ ಇನ್‌ಕ್ಲೂಡ್ ಎರರ್.
- ಕುಂದಾಪುರದ ಓದುಗರು

ಉತ್ತರ: ಕ್ರಾನ್ ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರಿನಲ್ಲಿ ನಿಂತು ಸ್ಕ್ರಿಪ್ಟ್ ಓಡಿಸುತ್ತದೆ. ಮೊದಲ ಉತ್ತರದ __ಡಿಐಆರ್__ ಮದ್ದು ಇಲ್ಲಿಗೂ ಸಾಕು. 'ಡಾಕ್ಯುಮೆಂಟ್_ರೂಟ್' (ಸೈಟಿನ ಬುಡದ ಫೋಲ್ಡರ್ ಯಾವುದೆಂದು ವೆಬ್ ಸರ್ವರ್ ಕೊಡುವ ಮಾಹಿತಿ) ನಂಬಿ ಪಾತ್ ಕಟ್ಟಿದ್ದರೆ ಅದನ್ನು ತೆಗೆಯಿರಿ. ಕ್ರಾನ್‌ನಲ್ಲಿ ವೆಬ್ ಸರ್ವರ್ ಇಲ್ಲ, 'ಡಾಕ್ಯುಮೆಂಟ್_ರೂಟ್' ಖಾಲಿ ಇರುತ್ತದೆ.

ಪ್ರಶ್ನೆ: ವಿಳಾಸದಲ್ಲಿ 'ಪುಟ' ಎಂದು ಬಂದ ಹೆಸರಿಗೆ ಕೊನೆಯಲ್ಲಿ '.ಪಿಎಚ್‌ಪಿ' ಸೇರಿಸಿ ನೇರ ಇನ್‌ಕ್ಲೂಡ್ ಮಾಡುತ್ತೇನೆ. ಕೆಲವು ಪುಟ ಸಿಗುವುದಿಲ್ಲ. ಪಾತ್ ಹೇಗೆ ಸರಿಮಾಡಲಿ?
- ಮಣಿಪಾಲದ ಓದುಗರು

ಉತ್ತರ: ಪಾತ್ ಆಮೇಲೆ ನೋಡೋಣ. ಈ ಕೋಡನ್ನು ಇವತ್ತೇ ತೆಗೆಯಿರಿ. ವಿಳಾಸದಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡಬಹುದು. ಎರಡು ಚುಕ್ಕಿ ಹಾಕುತ್ತಾ ಬೇರೆ ಫೋಲ್ಡರಿಗೆ ಹೋಗಬಹುದು. ಕೊನೆಗೆ '.ಪಿಎಚ್‌ಪಿ' ಸೇರಿಸಿದ್ದರಿಂದ ಕ್ಷೇಮ ಎಂದುಕೊಳ್ಳಬೇಡಿ. ಪಿಎಚ್‌ಪಿಯಲ್ಲೇ ಇರುವ ಫಿಲ್ಟರ್ ವಿಳಾಸ (ಫೈಲನ್ನು ಬೇರೆ ರೂಪಕ್ಕೆ ಬದಲಿಸಿ ಓದುವ ವಿಳಾಸ) ಕೊಟ್ಟರೆ ನಿಮ್ಮ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಓಡುವ ಬದಲು ಅಕ್ಷರಗಳ ಸಾಲಾಗಿ ಪರದೆಗೆ ಬರುತ್ತದೆ. ಅದರಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇರುತ್ತದಲ್ವಾ?

ಒಂದು ಅರೇ (ಪಟ್ಟಿ) ಮಾಡಿ: 'ಸಂಪರ್ಕ' ಎಂದು ಬಂದರೆ ಈ ಫೈಲ್, 'ಚಿತ್ರ' ಎಂದು ಬಂದರೆ ಆ ಫೈಲ್. ಪಟ್ಟಿಯಲ್ಲಿ ಇಲ್ಲದ ಹೆಸರಿಗೆ 404 ('ಪುಟ ಸಿಗಲಿಲ್ಲ' ಎಂಬ ಉತ್ತರ) ಕೊಡಿ. ಫೈಲಿನ ಪಾತ್ ಯಾವಾಗಲೂ ನಿಮ್ಮ ಪಟ್ಟಿಯಿಂದಲೇ ಬರಲಿ. ಸೈಟ್ ಈಗಾಗಲೇ ಲೈವ್ ಇದ್ದರೆ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ, ಆಮೇಲೆ ಆಕ್ಸೆಸ್ ಲಾಗಿನಲ್ಲಿ ಎರಡು ಚುಕ್ಕಿ ಇರುವ ಮತ್ತು 'ಫಿಲ್ಟರ್' ಎಂದಿರುವ ಸಾಲುಗಳನ್ನು ಹುಡುಕಿ. ಅಂಥ ಸಾಲು ಸಿಕ್ಕರೆ ಅದರ ತಾರೀಕು ಬರೆದುಕೊಂಡು ಹೋಸ್ಟಿಂಗಿನವರಿಗೆ ತಿಳಿಸಿ.